ನೀರು ಕೂಗುವವನಿಗೊಂದು ಎಡೆ

ನನಗೆ ಯಾರನ್ನೂ ಸಲೀಸಾಗಿ ನಂಬಿ ಗೊತ್ತಿಲ್ಲ. ಬೆಳಗಾವಿಯ ರವಿವಾರ ಪೇಟೆಯಲ್ಲಿ ತೊಗರಿಬೇಳೆ ಕೊಳ್ಳುವಾಗ ಚೀಲದ ತಳದಿಂದ ಒಂದು ಹಿಡಿ ತೆಗೆಸಿ ನೋಡುತ್ತೇನೆ. ಮೇಲಿನದು ಗಿರಾಕಿಗೆ ತೋರಿಸಲಿಕ್ಕೆಂದೇ ಇಟ್ಟದ್ದು ಎಂಬುದು ನನ್ನ ತಿಳಿವಳಿಕೆ. ಹಿಂದವಾಡಿಯ ನಮ್ಮ ಮನೆಗೆ ಹಾಲು ಹಾಕುವವನು ನನ್ನನ್ನು ಕಂಡರೆ ಮುಖ ಗಂಟಿಕ್ಕುತ್ತಿದ್ದ. ನನ್ನ ಗಂಡನಂತೂ, "ನೀ ಪೊಲೀಸ್ ಖಾತೇಕ ಹೋಗೂಕಿ, ದಾರಿ ತಪ್ಪಿ ಕಾಲೇಜಿಗೆ ಬಂದಿ," ಎಂದು ಕಾಡುತ್ತಿದ್ದ. ನಾನು ಇತಿಹಾಸ ಕಲಿಸುತ್ತಿದ್ದೆ. ಅನುಮಾನವಿಲ್ಲದೆ ಇತಿಹಾಸ ಕಲಿಸುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ನದಿಯ ಯುದ್ಧದೋಣಿಗಳ ಬೆನ್ನು ಹತ್ತಿದ್ದೂ ಅನುಮಾನದಿಂದಲೇ. ಮೊದಲ ಮಹಾಯುದ್ಧದ ಪಾಠಕ್ಕಾಗಿ ಓದುತ್ತಿದ್ದಾಗ ಇಂಗ್ಲಿಷರು ಒಂದೇ ಅಚ್ಚಿನಲ್ಲಿ ಕಟ್ಟಿಸಿದ ಪುಟ್ಟ ದೋಣಿಗಳ ಒಂದು ಪಂಗಡ ಕಣ್ಣಿಗೆ ಬಿತ್ತು. ಚೀನಾದ ನದಿಗಳಲ್ಲಿ ಕಾವಲಿಗೆ ಎಂದು ಹೊರಗೆ ಸಾರಿದ್ದರು. ಒಳಗೆ ಅಳತೆ ಕೊಟ್ಟು ಮಾಡಿಸಿದ್ದು ಇರಾಕಿನ ಟೈಗ್ರಿಸ್ ನದಿಗಾಗಿ, ತುರ್ಕರ ಮೇಲಿನ ಯುದ್ಧಕ್ಕಾಗಿ. ನೀರಿಗೆ ಬೀಳುವ ಮೊದಲೇ ಸುಳ್ಳು ಹೊತ್ತುಕೊಂಡ ಹಡಗುಗಳೆಂದರೆ ನಾನು ಬಿಡುವವಳೇ ಅಲ್ಲ. ಸಿಕ್ಕಸಿಕ್ಕ ಪುಸ್ತಕ ತರಿಸಿ ಓದಿದೆ.

ಆ ದೋಣಿಗಳು ಚೂರುಚೂರಾಗಿ ಪೆಟ್ಟಿಗೆಗಳಲ್ಲಿ ಸಮುದ್ರ ದಾಟಿ ಬಂದವು. ನದಿಯ ಬಾಯಲ್ಲಿ, ಸುಡುವ ದಂಡೆಯ ಮೇಲೆ, ಅವನ್ನು ತಿರುಗಿ ಜೋಡಿಸಿದರು. ತಳ ಚಪ್ಪಟೆ. ಮನುಷ್ಯನ ನಡು ಮುಳುಗದಷ್ಟು ನೀರಿದ್ದರೂ ತೇಲಬೇಕಿತ್ತು. ನೀರು ತಳ್ಳುವ ರೆಕ್ಕೆ ಕೆಸರಿಗೆ ತಾಗಬಾರದೆಂದು ಹೊಟ್ಟೆಯೊಳಗೇ ಒಂದು ಸುರಂಗ ಮಾಡಿ ಅದರಲ್ಲಿ ಕೂಡಿಸಿದ್ದರು. ಮೈಗೆ ಹೊಂದದ ದೊಡ್ಡ ತೋಪು. ತೋಪಿನವನಿಗೆ ಮತ್ತು ಚುಕ್ಕಾಣಿ ಹಿಡಿಯುವವನಿಗೆ ಬಂದೂಕಿನ ಗುಂಡು ತಡೆಯುವಷ್ಟು ಉಕ್ಕಿನ ತಗಡಿನ ಕವಚ. ಹೆಸರುಗಳೋ, ನೊಣ, ಮಿಂಚುಹುಳದಂಥ ಹುಳುಹುಪ್ಪಡಿಗಳದು. ಆ ನದಿಯಲ್ಲಿ ಮರಳಿನ ದಿಬ್ಬಗಳು ಇವತ್ತು ಇದ್ದಲ್ಲಿ ನಾಳೆ ಇರುತ್ತಿರಲಿಲ್ಲ. ಹಾಗಾಗಿ ದೋಣಿಯ ಮೂತಿಯಲ್ಲಿ ಒಬ್ಬ ಗಳ ಹಿಡಿದು ನಿಂತು, ಆಳ ನೋಡಿ ನೋಡಿ ಕೂಗಿ ಹೇಳಬೇಕಿತ್ತು. ಅವನಿಗೆ ಮಾತ್ರ ಯಾವ ತಗಡೂ ಇರಲಿಲ್ಲ.

"ಬೆಳಗಾವ್ಯಾಗ ಕುಡಿಯಾಕ ನೀರಿಲ್ಲ, ಅಕ್ಕಾರು ಹಡಗ ಬಿಡಾಕತ್ತಾರ," ಎಂದು ಸ್ಟಾಫ್ ರೂಮಿನಲ್ಲಿ ನಗಾಡಿದರು. ನಗಲಿ ಬಿಡು ಎಂದುಕೊಂಡು ಒಂದು ದೀರ್ಘ ಲೇಖನ ಬರೆದೆ. ಊರಿನ ಪತ್ರಿಕೆಯೊಂದು ಅದನ್ನು ಭಾನುವಾರದ ಪುರವಣಿಯಲ್ಲಿ ಹಾಕಿತು. ಅದರಲ್ಲಿ ನಾನು ಹೆಮ್ಮೆಯಿಂದ ಬರೆದ ಒಂದು ಭಾಗವಿತ್ತು: ಈ ಪಂಗಡದ ಒಂದು ದೋಣಿ ಹಿಮ್ಮೆಟ್ಟುವಾಗ ಕೆಟ್ಟು ನಿಂತು ತುರ್ಕರ ಕೈಗೆ ಸಿಕ್ಕಿತು, ಅವರ ಬಾವುಟ ಹೊತ್ತು ವರ್ಷದ ಮೇಲೂ ತನ್ನವರ ವಿರುದ್ಧವೇ ಕೆಲಸ ಮಾಡಿತು, ಕೊನೆಗೆ ಇಂಗ್ಲಿಷರು ಅದನ್ನು ತಿರುಗಿ ಹಿಡಿದರು. ಯುದ್ಧ ಮುಗಿದ ಮೇಲೆ ಉಳಿದ ದೋಣಿಗಳನ್ನು ಮಾರಿಬಿಟ್ಟರು. ಇದಿಷ್ಟೂ ಖರೆ. ಒಂದಕ್ಷರ ಕೂಡ ಕೈಯಿಂದ ಹಾಕಿರಲಿಲ್ಲ.

ಲೇಖನ ಬಂದ ಮರುವಾರ ಒಬ್ಬ ಮನುಷ್ಯ ನಮ್ಮ ಮನೆ ಹುಡುಕಿಕೊಂಡು ಬಂದ. ಅರವತ್ತರ ವಯಸ್ಸು, ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಊರು ನಂದಗಡ. ಕುರಿ ಕಾಯುವ ಮನೆತನದವರು, ಈಗ ಮನೆಯಲ್ಲಿ ಅರ್ಧ ಮಂದಿ ನೌಕರಿಯಲ್ಲಿದ್ದಾರೆ ಎಂದು ಹೇಳಿಕೊಂಡ. ಪತ್ರಿಕೆಯ ಆ ಹಾಳೆ ಅವನ ಕೈಯಲ್ಲಿತ್ತು. ಇಷ್ಟು ವಿನಯದಿಂದ ಮಾತಾಡುವವನಿಗೆ ಏನೋ ಬೇಕಾಗಿರಲೇಬೇಕು ಎಂದು ನಾನು ಬಾಗಿಲಲ್ಲೇ ಲೆಕ್ಕ ಹಾಕಿದೆ. ನೀರು ಕೊಟ್ಟೆ, ಚಹಾ ಕೊಡಲಿಲ್ಲ.

"ಅಕ್ಕಾರ, ಇದನ್ನ ಸುಳ್ಳ ಅಂತ ಇನ್ನೊಂದ ಸಲ ಬರದ ಬಿಡ್ರಿ," ಎಂದ, ಆ ದೋಣಿಯ ಭಾಗದ ಮೇಲೆ ಬೆರಳಿಟ್ಟು. "ನಮ್ಮವ್ವ ಊಟಾ ಬಿಟ್ಟಾಳ."

"ಖರೆ ಇದ್ದದ್ದನ್ನ ಸುಳ್ಳ ಅಂತ ಹ್ಯಾಂಗ ಬರೀಲಿ?" ಎಂದೆ. "ನಿಮ್ಮವ್ವಗೂ ತುರ್ಕರ ಹಡಗಿಗೂ ಏನ್ ಸಂಬಂಧ?"

ಅವನು ನೆಲ ನೋಡುತ್ತಲೇ ಹೇಳಿದ. ಅವನ ತಾಯಿಯ ತಂದೆ, ಅಂದರೆ ಅವನ ಅಜ್ಜ, ಆ ಯುದ್ಧಕ್ಕೆ ಹೋಗಿದ್ದ. ಸಿಪಾಯಿಯಾಗಿ ಅಲ್ಲ, ದಂಡಿನ ಹೇಸರಗತ್ತೆಗಳನ್ನು ನೋಡಿಕೊಳ್ಳುವ ಆಳಾಗಿ. ಹೆಂಡತಿ ಆಗ ಬಸುರಿ. ಹೋದವನು ತಿರುಗಿ ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ನಂದಗಡದ ಪೇಟೆಯಿಂದ ಹೋಗಿದ್ದ ಒಬ್ಬ ಸಿಪಾಯಿ ಮಾತ್ರ ಯುದ್ಧ ಮುಗಿದ ಮೇಲೆ ಬಂದ, ಬಂದವನೇ ಹೇಳಿದ: ಅವನು ತುರ್ಕರ ಕಡೆ ಸೇರಿದ್ದ, ಅವರ ಹಡಗಿನ ಮುಂದೆ ನಿಂತು ನೀರು ಕೂಗುವುದನ್ನು ನಾನೇ ಕಣ್ಣಾರೆ ಕಂಡೆ.

"ಅದಕ್ಕ ನಮ್ಮ ಅಜ್ಜಗ ಇಲ್ಲೀತನಕ ಎಡಿ ಇಲ್ರಿ," ಎಂದ ಕಂಡಕ್ಟರ್. ಅವರಲ್ಲಿ ನವರಾತ್ರಿಗೆ ಮುಂಚಿನ ಮಾನಮಿ ಅಮಾಸೆಗೆ ಮನೆಯ ಹಿರಿಯರನ್ನು ನೆನೆದು, ಹೊಸ ಧೋತರ, ಸೀರೆ ಇಟ್ಟು, ಒಬ್ಬೊಬ್ಬರಿಗೂ ಊಟದ ಎಡೆ ಹಿಡಿಯುತ್ತಾರೆ. ಸತ್ತದ್ದು ಗೊತ್ತಿಲ್ಲದವನನ್ನು ಸತ್ತವರ ಸಾಲಿನಲ್ಲಿ ಹೇಗೆ ಕೂಡಿಸುವುದು? ಅದರಲ್ಲೂ ವೈರಿಯ ಅನ್ನ ಉಂಡವನನ್ನು ಹಿರಿಯ ಎಂದು ಹೇಗೆ ಕರೆಯುವುದು? ಬಳಗ ಒಪ್ಪಿರಲಿಲ್ಲ. ಈ ವರ್ಷ ಅವನ ತಾಯಿ ಹಟ ಹಿಡಿದಿದ್ದಳು. ಎಂಬತ್ತು ದಾಟಿತ್ತು, ಮುಂದಿನ ಅಮಾಸೆ ತನಗೆ ಸಿಗುತ್ತದೋ ಇಲ್ಲವೋ, ತನ್ನ ಕೈಯಿಂದ ಅಪ್ಪನಿಗೆ ಒಂದು ಎಡೆ ಹಿಡಿದೇ ಸಾಯುತ್ತೇನೆ ಎಂದು. ಬಳಗದ ಹಿರಿಯ ಹೂಂ ಅನ್ನುವ ಹೊತ್ತಿಗೆ ನನ್ನ ಲೇಖನ ಬಂತು. ಸಂತೆಯಲ್ಲಿ ಯಾರೋ ಗಟ್ಟಿಯಾಗಿ ಓದಿ ಹೇಳಿದರು. ಪೇಟೆಯವನು ಹೇಳಿದ ಹಡಗು ಇದ್ದದ್ದು ಹೌದು, ತುರ್ಕರ ಕಡೆ ಹೋಗಿದ್ದೂ ಹೌದು. ಪೇಪರಿನಲ್ಲೇ ಬಂದಿದೆಯಲ್ಲ ಎಂದು ಹಿರಿಯ ಕೈ ಎತ್ತಿಬಿಟ್ಟ.

ನನಗೆ ಕಸಿವಿಸಿಯಾಯಿತು, ಜೊತೆಗೆ ಸಿಟ್ಟೂ ಬಂತು. ನಾನು ಯಾರ ಅಜ್ಜನ ಮೇಲೂ ಬರೆದವಳಲ್ಲ. ಆದರೂ ಆ ಮನುಷ್ಯ ಎದ್ದು ಹೋದ ಮೇಲೆ ಕೆಲಸಕ್ಕೆ ಕೈ ಹತ್ತಲಿಲ್ಲ. ಅವನ ಮಾತಿನ ಮೇಲೂ ಅನುಮಾನವಿತ್ತು: ಅಜ್ಜ ನಿಜವಾಗಿ ಓಡಿಹೋಗಿದ್ದರೆ, ಇತಿಹಾಸ ಕಲಿಸುವವಳ ಕೈಯಿಂದ ಮಸಿ ತೊಳೆಸಿಕೊಳ್ಳಲು ಬಂದಿರಬಹುದಲ್ಲ. ಪುಸ್ತಕಗಳನ್ನು ಮತ್ತೆ ತಿರುವಿದೆ. ಹೇಸರಗತ್ತೆ ಕಾಯುವ ಆಳುಗಳ ಬಗ್ಗೆ ಅವುಗಳಲ್ಲಿ ಏನೂ ಇರಲಿಲ್ಲ. ರವಿವಾರ ಖಾನಾಪುರದ ಬಸ್ ಹತ್ತಿ, ಅಲ್ಲಿಂದ ನಂದಗಡಕ್ಕೆ ಹೋದೆ.

ಮುದುಕಿ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತಿದ್ದಳು. ಸಣ್ಣ ಜೀವ, ಆದರೆ ಕಣ್ಣು ಚುರುಕು. ಮಗ ನನ್ನ ಗುರುತು ಹೇಳಿದ ಕೂಡಲೇ ಮುಖ ಆ ಕಡೆ ತಿರುಗಿಸಿದಳು.

"ಬರ್ರಿ, ಕುಂದರ್ರಿ," ಎಂದಳು, ಗೋಡೆಗೆ ಹೇಳಿದ ಹಾಗೆ. "ನಮ್ಮಪ್ಪನ್ನ ಪೇಪರದಾಗ ಹಾಕಿ ಸಂತ್ಯಾಗ ನಿಂದರಿಸಿದಾಕಿ ನೀವಽ ಏನು?"

"ನಿಮ್ಮಪ್ಪನ ಸುದ್ದಿ ಅದರಾಗ ಇಲ್ಲವ್ವ. ಹಡಗಿನ ಸುದ್ದಿ ಐತಿ."

"ಹಡಗಿನ ಸುದ್ದಿ ಬರದ್ರ ಹಡಗಿನ್ಯಾಗ ಇದ್ದಾಂವನ ಸುದ್ದಿ ಬರದಂಗಽ. ಓದಿದಾಕಿ ಅದೀರಿ, ಅಷ್ಟೂ ತಿಳಿಯೂದಿಲ್ಲ?"

ಪೇಟೆಯ ಸಿಪಾಯಿ ಹೇಳಿದ್ದನ್ನು ಅವನು ಹೇಳಿದ ಹಾಗೇ ಹೇಳು ಎಂದೆ. ಒಂದು ಮಾತೂ ಬಿಡಬೇಡ, ಒಂದು ಮಾತೂ ಸೇರಿಸಬೇಡ ಎಂದೂ ಹೇಳಿದೆ. ಅವಳಿಗೆ ಅದು ಬಾಯಿಪಾಠವಾಗಿತ್ತು. ಆ ಮನುಷ್ಯ ಬದುಕಿರುವ ತನಕ ಸಂತೆಯ ದಿನ ಚಹಾದಂಗಡಿಯ ಮುಂದೆ ಅದನ್ನೇ ಹೇಳುತ್ತಿದ್ದನಂತೆ. ಇವಳು ಹುಡುಗಿಯಾಗಿದ್ದಾಗ ಬೆಣ್ಣೆ ಮಾರಲು ಹೋಗಿ ಕೇಳಿದ್ದಳು, ಮದುವೆಯಾದ ಮೇಲೆ ಕೇಳಿದ್ದಳು, ಮಗನನ್ನು ಕಂಕುಳಲ್ಲಿ ಎತ್ತಿಕೊಂಡೂ ಕೇಳಿದ್ದಳು.

"ನಿಮ್ಮಪ್ಪ ಮೊದಲು ನಮ್ಮ ಕಡೆ ಹಡಗಿನ್ಯಾಗ ಇದ್ದ, ಅಂತಿದ್ದ. ಹಳ್ಳಾ ದಾಟೂ ಕುರಿಗಾರ ಅದಾನ, ನೀರ ಬಲ್ಲ ಅಂತ ಸಾಹೇಬ ಕರಕೊಂಡು ಗಳಾ ಕೊಟ್ಟಿದ್ನಂತ. ನಮ್ಮಪ್ಪ ನೀರಾಗ ಗಳಾ ಚುಚ್ಚಿ, ಹಿಂದ ತಿರುಗಿ, ಗಳಾ ಬಗಲಾಗ ಇಟಗೊಂಡು, ಎರಡೂ ಕೈ ಬಾಯಿಗೆ ಹಚ್ಚಿ ಕೂಗ್ತಿದ್ದ, ಮೊಳಕಾಲ, ತೊಡಿ, ನಡಾ ಅಂತ. ಹಡಗಿನ ಮಂದಿ ನಗತಿದ್ರಂತ. ಮುಂದ ನೋಡಿಕೋತ ಹೇಳೋ ಅಂದ್ರ ಕೇಳ್ತಿರಲಿಲ್ಲಂತ. ಆ ಮ್ಯಾಲ ಆ ಹಡಗ ತುರ್ಕರಿಗೆ ಸಿಕ್ತು."

"ಮುಂದ?"

"ಒಂದಿನ ಇವರ ದಂಡು ನದಿ ಬಾಜು ಮಲಕೊಂಡಿತ್ತಂತ. ಆಚೆ ದಂಡಿಗೆ ದಾಟಬೇಕಾಗಿತ್ತು, ಜಾಗಾ ಸಿಕ್ಕಿರಲಿಲ್ಲ. ತಿರುವಿನಾಗಿಂದ ಆ ಹಡಗ ಇವರ ಕಡೆ ಬಂತು, ತುರ್ಕರ ಬಾವುಟಾ ಕಟಗೊಂಡು. ಮುಂದ ನಿಂತಾಂವ ನಮ್ಮಪ್ಪ. ಮಾರಿ ಕಂಡ್ತು, ಮೀಸಿ ಕಂಡ್ತು. ಬಗಲಾಗ ಗಳಾ, ಬಾಯಿಗೆ ಕೈ. ನಡಾ, ನಡಾ ಅಂತ ಕೂಗಾಕತ್ತಿದ್ದ. ನಮ್ಮ ಅನ್ನಾ ಉಂಡಾಂವ ವೈರಿಗೆ ನೀರ ತೋರಸಾಕತ್ತಿದ್ದ ನೋಡ್ರಿ, ಅಂತ ಹೇಳಿ ಪೇಟಿ ಮಂದೀನ ನಗಸ್ತಿದ್ದ." ಮುದುಕಿ ತುಟಿ ಬಿಗಿದಳು. "ನಾ ಅಲ್ಲಿಗೆ ಬುಟ್ಟಿ ಎತಗೊಂಡು ಬಂದುಬಿಡ್ತಿದ್ದೆ."

ನನಗೆ ಮೊದಲು ಬಂದ ಅನುಮಾನ ಪೇಟೆಯವನ ಮೇಲೆಯೇ. ತುರ್ಕರಿಗೆ ಕನ್ನಡ ಯಾರು ಕಲಿಸಿದ್ದರು? ಇಂಗ್ಲಿಷ್ ಸಾಹೇಬ ಮುದುಕಿಯ ಅಪ್ಪನನ್ನು ತಾನೇ ಆರಿಸಿ ನಿಲ್ಲಿಸಿಕೊಂಡವನು, ಇವನ ಮೊಳಕಾಲು, ತೊಡೆ ಅವನ ಕಿವಿಗೆ ರೂಢಿಯಾಗಿರಬಹುದು. ಸೆರೆ ಸಿಕ್ಕವನನ್ನು ಬೆದರಿಸಿ ಮೂತಿಯಲ್ಲಿ ನಿಲ್ಲಿಸಿದ ತುರ್ಕರಿಗೆ ಅವನು ಗಳದ ಮೇಲೆ ಕೈಯಿಟ್ಟು ಆಳ ತೋರಿಸಿದರೆ ಸಾಕು. ಬಾಯಿಗೆ ಕೈ ಹಚ್ಚಿ ಕನ್ನಡದಲ್ಲಿ ಕೂಗುವುದು ಯಾರಿಗಾಗಿ? ಇದನ್ನು ಅಲ್ಲೇ ಕೇಳಿದೆ. ಮುದುಕಿ ಆಗ ಮೊದಲ ಸಲ ನನ್ನ ಕಡೆ ತಿರುಗಿದಳು.

"ಇನ್ನೊಮ್ಮೆ ಹೇಳವ್ವ," ಎಂದೆ. "ಕೂಗುವಾಗ ನಿಮ್ಮಪ್ಪ ಹಿಂದ ತಿರುಗತಿದ್ದ ಅಂದೆಲ್ಲ, ಯಾಕ?"

"ನಮ್ಮ ಕುರಿಗಾರರು ಹಂಗಽರೀ. ಮುಂದಿನಾಂವ ನೀರ ನೋಡಬೇಕು, ಆ ಮ್ಯಾಲ ತನ್ನ ಹಿಂದ ಬರೋರ ಕಡೆ ತಿರುಗಿ ನಿಂತು ಹೇಳಬೇಕು. ನೀರಿನ ಸಪ್ಪಳದಾಗ ಬೆನ್ನ ತೋರಿಸಿ ಹೇಳಿದ್ರ ಯಾರಿಗೆ ಕೇಳತೈತಿ? ತನ್ನ ಮಂದಿ ಮಾರಿ ನೋಡೇ ಹೇಳಬೇಕು. ಅದು ಪದ್ಧತಿ."

"ಹಂಗಾದ್ರ ಆವತ್ತು ಇವರಿಗೆ ಅವನ ಬೆನ್ನ ಕಾಣಬೇಕಾಗಿತ್ತು. ಮಾರಿ ಹ್ಯಾಂಗ ಕಂಡ್ತು?"

ಮುದುಕಿ ಮಗನ ಕಡೆ ನೋಡಿದಳು. ಮಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಬಾಯಿಗೆ ಬಂದ ಉತ್ತರವನ್ನು ನಾನು ನುಂಗಿಕೊಂಡೆ, ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಅನುಮಾನ ತಲೆ ಎತ್ತಿತ್ತು. ತಿರುಗಿ ನಿಂತು ಕೂಗುವ ಪದ್ಧತಿ ಈ ತಾಯಿ ಮಗ ಕೂಡಿ ಕಟ್ಟಿದ್ದಲ್ಲ ಎಂದು ಹೇಗೆ ನಂಬುವುದು? ಅಪ್ಪನನ್ನು ಉಳಿಸಿಕೊಳ್ಳಲು ಮಗಳು ಎಷ್ಟು ದೂರ ಹೋಗುತ್ತಾಳೆಂದು ನನಗೂ ಗೊತ್ತು. ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದೆ.

ಆ ವಾರ ನಾನು ಕಾಲೇಜಿಗೆ ರಜೆ ಹಾಕಿ ಖಾನಾಪುರದ ಸುತ್ತ ಅಲೆದೆ. ನಂದಗಡದವರಾಗಿರಬಾರದು, ಈ ಮನೆಯವರ ಬೀಗರೂ ಆಗಿರಬಾರದು, ಅಂಥ ಕುರಿಗಾರರು ಬೇಕಿತ್ತು. ಗಂಡ ಅದನ್ನು ಕೇಳಿ, "ಹೆಣ್ಣ ನೋಡಾಕ ಹೋದಾಗೂ ಯಾರೂ ಇಷ್ಟ ಚೌಕಾಶಿ ಮಾಡೂದಿಲ್ಲ," ಎಂದ. ಒಂದು ಹಳ್ಳದ ದಂಡೆಯಲ್ಲಿ ಅರ್ಧ ದಿನ ಕೂತೆ. ಮಳೆಗಾಲ ಮುಗಿಯುತ್ತಿದ್ದರೂ ನೀರು ಕೆಂಪಗೆ ಹರಿಯುತ್ತಿತ್ತು. ಮಧ್ಯಾಹ್ನದ ಮೇಲೆ ಮರಾಠಿ ಮಾತಾಡುವ ಕುರಿಗಾರರ ಒಂದು ಹಿಂಡು ಬಂತು. ನಾನು ಅವರಿಗೆ ಏನನ್ನೂ ಕೇಳಲಿಲ್ಲ, ಸುಮ್ಮನೆ ನೋಡಿದೆ. ಮುಂದಿನವನು ನೀರಿಗಿಳಿದು ಕೋಲು ಚುಚ್ಚಿದ, ಹಿಂದಕ್ಕೆ ಪೂರ್ತಿ ತಿರುಗಿದ, ಕೋಲನ್ನು ಬಗಲಲ್ಲಿ ಸಿಕ್ಕಿಸಿಕೊಂಡು, ಬಾಯಿಗೆ ಕೈ ಹಚ್ಚಿ ತನ್ನವರಿಗೆ ಕೂಗಿದ. ಮತ್ತೆ ನಾಲ್ಕು ಹೆಜ್ಜೆ ಹೋದ, ಮತ್ತೆ ತಿರುಗಿದ. ದಾಟುವ ತನಕ ಅವನು ಕೂಗಿದಾಗಲೆಲ್ಲ ಆಚೆಯ ದಂಡೆಗೆ ಅವನ ಬೆನ್ನೇ ಇತ್ತು.

ಮುದುಕಿ ಸುಳ್ಳು ಹೇಳಿರಲಿಲ್ಲ. ಪೇಟೆಯವನೂ ಸುಳ್ಳು ಹೇಳಿರಲಿಲ್ಲ ಎಂಬುದು ನನಗೆ ಬಸ್ಸಿನಲ್ಲಿ ಕೂತಾಗ ಹೊಳೆಯಿತು. ಅವನು ಕಂಡದ್ದನ್ನೇ ಹೇಳಿದ್ದ. ಕುರಿ ಕಾಯದ ಮನುಷ್ಯ, ಅಂಗಡಿ ಸಾಲಿನಲ್ಲಿ ಬೆಳೆದವನು, ತನ್ನ ಕಡೆ ಮುಖ ಮಾಡಿ ಕೂಗುವವನು ತನ್ನನ್ನೇ ಕರೆಯುತ್ತಿದ್ದಾನೆ ಎಂದು ಅವನಿಗೆ ಹೊಳೆಯಲಿಲ್ಲ ಅಷ್ಟೆ. ದಾಟಲು ಜಾಗ ಸಿಗದೆ ಮಲಗಿದ್ದ ದಂಡಿಗೆ ಆ ಮನುಷ್ಯ, ಇಲ್ಲಿ ನಡು ಮಟ್ಟದ ನೀರಿದೆ, ಇಲ್ಲಿ ದಾಟಬಹುದು ಎಂದು ಕೂಗಿ ಹೇಳುತ್ತಿದ್ದ. ಇದನ್ನು ಸಾಬೀತು ಮಾಡಲು ನನ್ನ ಕೈಯಲ್ಲಿ ಏನೂ ಇಲ್ಲ. ಆದರೂ ನಂಬಿದೆ.

ಅಮಾಸೆಗೆ ಎರಡು ದಿನ ಮೊದಲು ಬಳಗದ ಹಿರಿಯನನ್ನು ಮುದುಕಿಯ ಮನೆಗೇ ಕರೆಸಿದರು. ಎತ್ತರದ ಆಳು, ವಯಸ್ಸಿನಲ್ಲಿ ಮುದುಕಿಗಿಂತ ಸ್ವಲ್ಪ ಸಣ್ಣವನು, ಮೊನ್ನೆ ಮೊನ್ನೆಯ ತನಕ ಕುರಿಯ ಹಿಂದೆ ತಿರುಗಿದವನು. ನಾನು ಹೇಳಿದ್ದನ್ನೆಲ್ಲ ಗಲ್ಲಕ್ಕೆ ಕೋಲು ಕೊಟ್ಟುಕೊಂಡು ಕೇಳಿದ.

"ಅಕ್ಕಾರ," ಎಂದ, "ಪೇಪರದಾಗ ಒಂದು ಬರದು ಮನ್ಯಾಗ ಒಂದು ಹೇಳಿದ್ರ ಹ್ಯಾಂಗ್ರಿ? ಇವರು ನಿಮಗ ಏನರೆ ಹೇಳಿಕೊಟ್ಟಾರೇನು?"

ಅನುಮಾನ ಪಡುವುದು ನನ್ನೊಬ್ಬಳ ಹಕ್ಕು ಎಂದು ತಿಳಿದಿದ್ದೆ. ನನ್ನ ಮೇಲೆಯೇ ಅದು ಬಂದಾಗ ಮೈ ಉರಿಯಿತು. "ನನ್ನ ಮಾತ ಬ್ಯಾಡ ಬಿಡ್ರಿ," ಎಂದೆ. "ನೀವು ಎದ್ದು ನಿಲ್ರಿ. ಇದು ಹಳ್ಳ ಅಂತ ತಿಳೀರಿ, ಮುಂದ ನೀರೈತಿ, ನಿಮ್ಮ ಹಿಂದ ಹಿಂಡು ಐತಿ. ನೀರ ನೋಡಿ ಕೂಗ್ರಿ."

"ಇದೇನ್ ಸಾಲಿ ಏನ್ರಿ?" ಎಂದು ಗೊಣಗಿದ. ಮುದುಕಿ, "ಏಳೋ, ಹೆಣ್ಮಗಳು ಹೇಳಾಕತ್ತಾಳ," ಎಂದು ಗದರಿಸಿದಳು. ಅವನು ಎದ್ದ. ಪಡಸಾಲೆಯ ನೆಲಕ್ಕೆ ಕೋಲು ಚುಚ್ಚಿದ. ಹಿಂದಕ್ಕೆ ತಿರುಗಿದ. ಕೋಲು ತಾನಾಗಿ ಬಗಲಿಗೆ ಹೋಯಿತು, ಕೈ ಬಾಯಿಗೆ ಬಂತು. ಈಗ ಅವನ ಮುಖ ಹಿಂದೆ ಗೋಡೆಗೆ ಒರಗಿದ್ದ ಮುದುಕಿಯ ಕಡೆಗಿತ್ತು. ಕೂಗಲು ತೆರೆದ ಬಾಯಿ ಹಾಗೇ ನಿಂತಿತು.

"ಈಗ ನಿಮ್ಮ ಮಾರಿ ಯಾರಿಗೆ ಕಾಣತೈತಿ?" ಎಂದು ಕೇಳಿದೆ.

"ನಮ್ಮವರಿಗೆ," ಎಂದ.

ಕೈ ಇಳಿಸಿ, ಕೂತು, ಮುಖ ಒರೆಸಿಕೊಂಡ. ಆಮೇಲೆ, "ಪೇಟ್ಯಾಂವ ಆ ಸುದ್ದೀನ ಹ್ಯಾಂಗ ಮುಗಸ್ತಿದ್ದ, ನೆನಪೈತೇನಕ್ಕ?" ಎಂದು ಕೇಳಿದ. ಮುದುಕಿ ಇಲ್ಲವೆಂದು ತಲೆಯಾಡಿಸಿದಳು, ಅವಳು ಎಂದೂ ಕೊನೆಯ ತನಕ ನಿಂತು ಕೇಳಿರಲಿಲ್ಲ. ಹಿರಿಯ ಕೇಳಿದ್ದ. ಹೇಳಲೋ ಬೇಡವೋ ಎಂದು ನನ್ನ ಕಡೆ ನೋಡಿದ.

"ಆ ಮ್ಯಾಲ ಎಲ್ಲಾರೂ ಕೂಡಿ ಗುಂಡ ಹಾರಿಸಿದ್ವಿ ಅಂತಿದ್ದ," ಎಂದ. "ಮೊದಲನೇದು ನಂದಽ ಅಂತಿದ್ದ. ಗಳಾ ಹಿಡದಾಂವ ನೀರಿಗೆ ಬಿದ್ದ, ಮ್ಯಾಲ ಏಳಲಿಲ್ಲ ಅಂತಿದ್ದ. ಏಳಲಿಲ್ಲ ಅಂದ್ರ ಈಸಿ ಹೋಗಿರಬೇಕು ಅಂತ ಅಂಗಡಿ ಮುಂದಿನ ಮಂದಿ ಅಂತಿದ್ರು. ಅಂವಗ ಈಸ ಬರ್ತಿತ್ತಲ್ಲ. ಅದಕ್ಕ ಜೀವಂತ ಅದಾನ ಅಂತ ಎಲ್ಲಾರೂ ತಿಳದ್ವಿ."

ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಒಂದು ಹಡಗಿನ ಇತಿಹಾಸ ಬರೆದು ಹೊಗಳಿಸಿಕೊಂಡವಳು ನಾನು, ಆ ಹಡಗಿನ ಮುಂದೆ ಕವಚವಿಲ್ಲದೆ ನಿಂತವನ ಮಗಳ ಎದುರು ಕೂತಿದ್ದೆ. ಎಂಥ ದರಿದ್ರ ಖರೆ ಹುಡುಕಿ ತಂದೆ ಎಂದು ನನ್ನ ಮೇಲೆಯೇ ಕೋಪ ಬಂತು.

"ಹಂಗಾದ್ರ ನಮ್ಮಪ್ಪನ್ನ ಹೊಡದೋರು ನಮ್ಮವರಽ," ಎಂದಳು ಮುದುಕಿ. ಅವಳು ಅಳಲಿಲ್ಲ. ಕೈಯ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೂತಳು. "ನಮ್ಮವ್ವ ಸಾಯೂತನಾ ಬಳಿ ತಗೀಲಿಲ್ಲರೀ. ಗಂಡ ಅದಾನ ಅಂತ ಬಳಿ ಇಟಗೊಂಡ್ಲು. ಗಂಡ ಓಡಿ ಹೋದಾಕಿ ಅಂತ ಯಾರೂ ಉಡಿ ತುಂಬಾಕ ಕರೀಲಿಲ್ಲ. ಮುತ್ತೈದಿನೂ ಆಗಲಿಲ್ಲ, ರಂಡಿನೂ ಆಗಲಿಲ್ಲ. ಆಕೀ ಪಾಲಿಗೆ ಅತ್ತು ಮುಗಿಸೂದೂ ಇರಲಿಲ್ಲ." ಇಷ್ಟು ಹೇಳಿ ಹಿರಿಯನ ಕಡೆ ತಿರುಗಿದಳು. "ಏನೋ, ಈಗರೆ ಎಡಿ ಹಿಡೀಲೋ ಬ್ಯಾಡೋ?"

"ಹಿಡಿಯಕ್ಕ," ಎಂದ ಅವನು. "ನಾನಽ ಬಂದು ಮುಂದ ನಿಂದರತೇನಿ."

ನಮ್ಮ ಮನೆಯಲ್ಲಿ ಎಡೆ ಹಿಡಿಯುವ ಪದ್ಧತಿ ಇಲ್ಲ. ಲಿಂಗವಂತರ ಮನೆ, ಮಣ್ಣು ಕೊಟ್ಟು ಬಂದರೆ ಮುಗಿಯಿತು, ಸತ್ತವರಿಗೆ ಉಣಿಸುವುದೆಂದರೆ ನಮ್ಮಪ್ಪ ನಕ್ಕುಬಿಡುತ್ತಿದ್ದ. ಆದರೂ ಅಮಾಸೆಯ ದಿನ ಕರೆದರೆಂದು ಹೋದೆ. ಮುದುಕಿ ಸ್ನಾನ ಮಾಡಿ ಮಡಿಯುಟ್ಟು, ಮಗ ಸೊಸೆ ಯಾರನ್ನೂ ಮುಟ್ಟಗೊಡದೆ, ತಾನೇ ಎಲೆ ಹಾಕಿದಳು. ಹೋಳಿಗೆ, ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಹೊಸ ಧೋತರ, ರುಮಾಲು. ತನ್ನ ತಾಯಿಯ ಎಲೆಯ ಬಾಜುವಿಗೆ ಅಪ್ಪನ ಎಲೆ ಬಂತು, ಮೊದಲ ಸಲ. ಹಿರಿಯ ಊದುಬತ್ತಿ ಹಚ್ಚಿದ. ಕಂಡಕ್ಟರ್ ಅಡ್ಡಬಿದ್ದು ಎದ್ದವನು ಕಣ್ಣೊರೆಸಿಕೊಳ್ಳಲು ಹೊರಗೆ ಹೋದ.

ಮುಗಿಯಿತೆಂದು ನಾನು ಎದ್ದೆ. ಮುದುಕಿ ಇನ್ನೊಂದು ಎಲೆ ತೊಳೆಯುತ್ತಿದ್ದಳು. ಅದನ್ನು ಸಾಲಿನ ಕೊನೆಗೆ ಹಾಕಿ, ಎಲ್ಲವನ್ನೂ ಅಷ್ಟೇ ಅಷ್ಟು ಬಡಿಸಿದಳು. ಹೋಳಿಗೆಯ ಮೇಲೆ ತುಪ್ಪವನ್ನೂ ಹಾಕಿದಳು.

"ಇದು ಯಾರದಕ್ಕ?" ಎಂದು ಹಿರಿಯ ಕೇಳಿದ.

"ಪೇಟ್ಯಾಂವಂದು."

ಹಿರಿಯನ ಮುಖ ಕಪ್ಪಿಟ್ಟಿತು. ನಿನಗೇನು ತಲೆ ಕೆಟ್ಟಿದೆಯೇ, ನಿಮ್ಮಪ್ಪನನ್ನು ಹೊಡೆದವನು ಅವನು, ನಿಮ್ಮವ್ವನ ಬಾಳು ಸಂತೆಯಲ್ಲಿ ಹರಾಜು ಹಾಕಿದವನು, ನಮ್ಮ ಬಳಗದವನೂ ಅಲ್ಲ ಎಂದು ಶುರು ಮಾಡಿದ. ನಾನೂ ಒಳಗೊಳಗೆ ಅವನ ಕಡೆಯೇ ಇದ್ದೆ. ಇದೇನು ದೊಡ್ಡತನದ ನಾಟಕವೋ ಎಂದು ಅನುಮಾನವೂ ಬಂತು. ಮುದುಕಿ ಎಲ್ಲ ಕೇಳಿ, ಸೆರಗಿಗೆ ಕೈ ಒರೆಸಿಕೊಂಡು, ಆ ಎಲೆಯ ಮುಂದೆ ಕಾಲು ಮಡಚಿ ಕೂತಳು.

"ಅಂವಗ ಮಕ್ಕಳಿಲ್ಲ. ಬ್ಯಾರೆ ಯಾರೂ ಕರಿಯೂದಿಲ್ಲ, ನಾ ಕರದ್ರಽ ಬರಬೇಕು," ಎಂದಳು. "ಬರಲಿ, ಕುಂತು ಉಣ್ಣಲಿ. ಅಂವಾ ಇದ್ದಾಗೆಲ್ಲ ನಾ ಬುಟ್ಟಿ ಎತಗೊಂಡು ಓಡಿ ಬಂದೆ, ಒಂದ ಮಾತ ತಿರುಗಿ ಅನ್ನಲಿಲ್ಲ. ಇವತ್ತ ನಾ ಹೇಳ್ತೇನಿ, ಅಂವಾ ಕೇಳಲಿ. ನೀವೆಲ್ಲಾ ಹೊರಗ ನಡೀರಿ."

ನಾವು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆವು. ಒಳಗೆ ಮುದುಕಿ ದನಿ ಏರಿಸದೆ, ಒಂದೊಂದಾಗಿ, ಹೇಳಲು ಶುರು ಮಾಡಿದಳು. ಸಂಜೆಯ ಬಸ್ಸಿಗೆ ನಾನು ಎದ್ದಾಗಲೂ ಅವಳ ಮಾತು ಮುಗಿದಿರಲಿಲ್ಲ.